ಸಿಂಗಪುರದಿಂದ ಐದೂವರೆ ಗಂಟೆ

ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವವರು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಬಾಳುವುದು ಕಷ್ಟ. ಠಾಣೆ ಊರು ಎಷ್ಟು ದೂರ ಎಂದರೆ ನಾವು ಫಾಸ್ಟ್ ಲೋಕಲ್ ರೈಲಿನಲ್ಲಿ ಇಪ್ಪತ್ತು ನಿಮಿಷ ಎನ್ನುತ್ತೇವೆ. ಇಪ್ಪತ್ತೆರಡು ವರ್ಷ ಈ ಗಾಡಿಗಳಲ್ಲಿ ನೇತಾಡಿದ ನನಗೆ ಇಂಥ ಲೆಕ್ಕದಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ನಮ್ಮ ಬಿಲ್ಡಿಂಗಿನವರು ಮದುವೆಗೆ ಹೊರಡುವಾಗಲೂ, "ರಾಯರೇ, ಎಷ್ಟಕ್ಕೆ ಹೊರಟರೆ ಮುಹೂರ್ತಕ್ಕೆ ಮುಟ್ಟಬಹುದು?" ಎಂದು ನನ್ನನ್ನೇ ಕೇಳುತ್ತಿದ್ದರು. ಮುಹೂರ್ತ ಕೆಲವೊಮ್ಮೆ ತಪ್ಪಿದೆ, ಊಟ ಎಂದೂ ತಪ್ಪಿಲ್ಲ.

ಅಮ್ಮ ಹೋದದ್ದು ಜನವರಿಯ ಒಂದು ಬೆಳಗಿನ ಜಾವ. ಸಿಂಗಪುರದ ಹೋಟೆಲಿನಲ್ಲಿ ಅಡುಗೆ ಮಾಡುವ ತಮ್ಮ ಹರೀಶನಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತಿಗೆ ಅವನೇ ಮಾಡಿದ. "ಅಣ್ಣ, ಹನ್ನೆರಡರ ವಿಮಾನ ಸಿಕ್ಕಿತು. ಐದೂವರೆ ಗಂಟೆ ದಾರಿ. ನಾನು ಬರುವವರೆಗೆ ಅಮ್ಮನನ್ನು ಇರಿಸ್ತೀಯಲ್ಲ?"

"ಇರಿಸ್ತೇನೆ," ಎಂದೆ.

ಹನ್ನೆರಡಕ್ಕೆ ಐದೂವರೆ ಕೂಡಿಸಿದೆ. ಏರ್‌ಪೋರ್ಟಿನಿಂದ ಡೊಂಬಿವಲಿಗೆ ಇನ್ನೆರಡೂವರೆ. ರಾತ್ರಿ ಎಂಟು. ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವ ನನ್ನ ಮಗಳು, "ಪಪ್ಪಾ, ವಹಾಂ ಕೀ ಘಡೀ ಆಗೇ ಚಲ್ತೀ ಹೈ ನಾ?" ಎಂದಳು. ಅಲ್ಲಿಯ ಗಡಿಯಾರ ಮುಂದಲ್ಲವೇ ಎಂದು. "ಹನ್ನೆರಡು ಎಂದರೆ ಎಲ್ಲ ಕಡೆಯೂ ಹನ್ನೆರಡೇ. ಸುಮ್ನಿರು," ಎಂದು ಗದರಿದೆ. ಲೋಕಲಿನ ಕೊನೆಯ ಸ್ಟೇಷನ್ ಕಸಾರದಿಂದ ಮುಂಬಯಿವರೆಗೆ ಒಂದೇ ಗಡಿಯಾರ ನೋಡಿದ ಬುದ್ಧಿ.

ಕ್ರಿಯೆಗೆ ಬಂದ ಭಟ್ಟರು, "ಎಂಟಕ್ಕೆ ಸೂರ್ಯ ಇರ್ತಾನಾ ಮಾರಾಯ್ರೆ? ಮುಳುಗುವ ಮೊದಲು ಆಗ್ಬೇಕು. ನೀವು ಲೆಕ್ಕ ಗೊತ್ತಿದ್ದವರು, ನೀವೇ ಹೇಳಿ," ಎಂದರು. ನಾನೇ ಹೇಳಿದೆ. ನಾಲ್ಕು ಗಂಟೆಗೆ ಅಮ್ಮನನ್ನು ಎತ್ತಿದೆವು. ಮೊಬೈಲನ್ನು ಮನೆಯಲ್ಲೇ ಬಿಟ್ಟೆ. ಒದ್ದೆ ಪಂಚೆಯಲ್ಲಿ ಅದನ್ನು ಎಲ್ಲಿಡುವುದು?

ಸ್ಮಶಾನದಿಂದ ಮರಳಿ ಬಂದಾಗ ಆರೂ ಆಗಿರಲಿಲ್ಲ. ಹರೀಶ ಬಿಲ್ಡಿಂಗಿನ ಮೆಟ್ಟಿಲ ಮೇಲೆ, ತೊಡೆಯಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದ. ಅವನ ಸಿಂಗಪುರದ ಸಿಮ್ ಇಲ್ಲಿ ನಡೆದಿರಲಿಲ್ಲ. ಮಗಳು ಎಲ್ಲವನ್ನೂ ಹೇಳಿಯಾಗಿತ್ತು, ಸಿಂಗಪುರದ ಗಡಿಯಾರ ಎರಡೂವರೆ ಗಂಟೆ ಮುಂದಿರುವುದನ್ನು ನಾನು ಲೆಕ್ಕಕ್ಕೆ ಹಿಡಿಯದ್ದನ್ನೂ.

"ಇಷ್ಟು ಬೇಗ ಹೇಗೆ ಬಂದೆ?" ಎಂದೆ.

ತಾಯಿಯ ಮುಖ ನೋಡಲು ನಾಲ್ಕು ಸಾವಿರ ಕಿಲೋಮೀಟರು ಹಾರಿ ಬಂದವನನ್ನು, ಇಷ್ಟು ಬೇಗ ಹೇಗೆ ಬಂದೆ ಎಂದು ಕೇಳಿದ ಅಣ್ಣ ಇನ್ನೊಬ್ಬ ಇರಲಾರ. ಹರೀಶ ನನ್ನ ಒದ್ದೆ ಪಂಚೆಯನ್ನು ನೋಡಿದ. "ಶೀತ ಆಗ್ತದೆ, ಒಳಗೆ ಬಾ," ಎಂದ.

ಮರುದಿನ ವಿಠ್ಠಲವಾಡಿಯಿಂದ ಚಿಕ್ಕಮ್ಮ ಬಂದರು. "ಅಲ್ಲ ಹರೀಶ, ಹೆತ್ತವಳ ಮುಖ ನೋಡ್ಲಿಕ್ಕೂ ಹೊತ್ತಿಗೆ ಸರಿಯಾಗಿ ಬರ್ಲಿಕ್ಕಾಗ್ಲಿಲ್ವಾ ನಿಂಗೆ?"

"ವಿಮಾನ ತಡವಾಯ್ತು ಚಿಕ್ಕಮ್ಮ."

"ಪಾಪ, ಅಣ್ಣ ಎಷ್ಟು ಕಾದಿರ್ಬೇಕು."

"ಹೌದು, ತುಂಬಾ ಕಾದಿದ್ದ," ಎಂದ ಹರೀಶ.

ನಾನು ತಲೆ ತಗ್ಗಿಸಿದೆ. ಚಿಕ್ಕಮ್ಮ ಅದನ್ನು ದುಃಖವೆಂದುಕೊಂಡು ನನ್ನ ಬೆನ್ನು ಸವರಿದರು. ಸವರಿಸಿಕೊಂಡೆ.