ಓಬಳೇಶ ಇದ್ದಲ್ಲೆಲ್ಲ ಪಾಲಾಕ್ಷ

“ಮೌಸ್ ಇಲ್ಲ, ಮೆನು ಇಲ್ಲ! ಕಪ್ಪು ಪರದೆ ಮ್ಯಾಲೆ ಒಂದೇ ಸಾಲು ಆಜ್ಞೆ, ಕೆಲ್ಸ ಖಲಾಸ್!”

ರೇಡಿಯೋ ರಿಪೇರಿಯ ಓಬಳೇಶ ತಾನೇ ಕಟ್ಟಿದ ಹೊಸ ಯಂತ್ರದ ಕೊಡೆಕಡ್ಡಿಗಳ ಆಂಟೆನಾವನ್ನು ಸವರಿ, ‘ಬದಲಿಸು ಸೋಮವಾರ ಬುಧವಾರ’ ಎಂದು ಕುಟ್ಟಿದ. ಮುಂದೆ ಫೈಲಿನ ಹೆಸರು ಸೇರಿಸಿ ಎಂಟರ್ ಒತ್ತಿದ. ಫೈಲಿನಲ್ಲಷ್ಟೇ ಅಲ್ಲ, ಅಚ್ಚಾಗಿ ಕಟ್ಟು ಕಟ್ಟಿಟ್ಟಿದ್ದ ಬಡಾವಣೆಯ ರಾಜ್ಯೋತ್ಸವದ ಕಾರ್ಡುಗಳಲ್ಲೂ ಅಕ್ಷರಗಳು ಇರುವೆಗಳಂತೆ ಸರಿದಾಡಿ ಬುಧವಾರವಾದವು!

ಜನ ಚಪ್ಪಾಳೆ ತಟ್ಟಿದರು. ಪಕ್ಕದ ಡಿಟಿಪಿ ಅಂಗಡಿಯ ಪಾಲಾಕ್ಷಪ್ಪನಿಗೆ ಮಾತ್ರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಹಿರಿಯೂರಿನ ಮದುವೆ, ಗೃಹಪ್ರವೇಶ, ತಿಥಿಗಳ ಕಾಗುಣಿತ ತಿದ್ದಿ ತಿದ್ದಿ ಕಣ್ಣು ಮಂಜಾಗಿಸಿಕೊಂಡವನು ಅವನು; ಸನ್ಮಾನ ಈ ಓಬಳೇಶನಿಗೆ! ‘ಸನ್ಮಾನಿತರು: ಶ್ರೀ ಓಬಳೇಶ, ದಂಪತಿ ಸಮೇತ’ ಎಂದು ಆ ಕಾರ್ಡನ್ನು ಜೋಡಿಸಿಕೊಟ್ಟವನೂ ಅವನೇ. ಆಗ ಹತ್ತಿದ ಉರಿ ಇನ್ನೂ ಆರಿರಲಿಲ್ಲ.

“ಹೆಂಗೈತೋ ಪಾಲಾಕ್ಷ?”

“ಬಿಡಲೇ, ಕರೆಂಟ್ ಹೋದ್ರೆ ನಿನ್ ಮಿಷಿನ್ನು ಡಬ್ಬ!”

“ನಿನ್ ಕಂಪ್ಯೂಟರ್ ಏನ್ ಸೀಮೆಎಣ್ಣೇಲಿ ಓಡ್ತೈತಾ?”

ಎಲ್ಲರೂ ನಕ್ಕರು. ಓಬಳೇಶ ಅವರನ್ನು ಟೀ ಕುಡಿಸಲು ಕರೆದೊಯ್ದದ್ದೇ ತಡ, ಪಾಲಾಕ್ಷಪ್ಪ ಯಂತ್ರದ ಮುಂದೆ ಕೂತು ‘ಬದಲಿಸು ಓಬಳೇಶ ಪಾಲಾಕ್ಷ’ ಎಂದು ಕುಟ್ಟಿದ. ಫೈಲಿನ ಹೆಸರು ಹುಡುಕುವಷ್ಟು ವ್ಯವಧಾನವೆಲ್ಲಿ! ಹಾಗೇ ಎಂಟರ್ ಒತ್ತಿದ.

ಕಾರ್ಡುಗಳಲ್ಲಿ ಅವನ ಹೆಸರು ಬಂತು. ಆಹಾ! ಹೊರಗೆ ಓಬಳೇಶನ ಬೋರ್ಡೂ ‘ಪಾಲಾಕ್ಷ ಎಲೆಕ್ಟ್ರಾನಿಕ್ಸ್’ ಆಯಿತು. ಆಹಾಹಾ! ಅಷ್ಟರಲ್ಲಿ ಒಬ್ಬ ಹೆಂಗಸು ಮಿಕ್ಸಿ ಹೊತ್ತು ನುಗ್ಗಿದಳು.

“ರಿಪೇರಿ ಚೀಟೀಲಿ ನಿನ್ ಹೆಸ್ರೈತೆ! ಚಟ್ನಿ ಎಲ್ಲಾ ಸೂರಿಗೆ ಹಾರ್ತಲ್ಲೋ!”

ಗಲಾಟೆ ಕೇಳಿ ಓಬಳೇಶ ಟೀ ಲೋಟ ಹಿಡಿದೇ ಓಡಿಬಂದ.

“ಫೈಲ್ ಹೆಸ್ರು ಕೊಟ್ಯೇನೋ?”

“ಇಲ್ಲ.”

“ಕೆಟ್ಟೆ! ಹೇಳ್ದಿದ್ರೆ ಅದು ಕಂಡಕಂಡಲ್ಲೆಲ್ಲ ತಿದ್ದತೈತೆ! ಇರು, ‘ಪಾಲಾಕ್ಷ’ ತೆಗ್ದು ‘ಓಬಳೇಶ’ ಹಾಕ್ತೀನಿ.”

“ಹಂಗ್ ಮಾಡಿದ್ರೆ ನನ್ ಸ್ವಂತ ಬೋರ್ಡು?”

“ಅದೂ ನಂದೇ ಆಗ್ತೈತೆ.”

“ಮುಟ್ಟಿದ್ರೆ ನೋಡು!” ಪಾಲಾಕ್ಷಪ್ಪ ಹೊಟ್ಟೆಕಿಚ್ಚಿನಿಂದ ಕೀಬೋರ್ಡಿನ ತಂತಿಯನ್ನೇ ಕಿತ್ತ. ಢಬ್! ಯಂತ್ರ ಹೊಗೆಯುಗುಳಿ ಸತ್ತಿತು.

ಆಗಲೇ ಓಬಳೇಶನ ಹೆಂಡತಿ ತಿಪ್ಪಮ್ಮ ಮುಂಗೈ ಚಾಚಿಕೊಂಡು ಅಳುತ್ತ ಬಂದಳು. ಮದುವೆಯಾದ ವರ್ಷ ಹಾಕಿಸಿಕೊಂಡ ಹಚ್ಚೆಯಲ್ಲಿ, ಗಂಡನ ಹೆಸರಿದ್ದ ಜಾಗದಲ್ಲಿ, ಹಸಿರಾಗಿ ‘ಪಾಲಾಕ್ಷ’ ಎಂದಿತ್ತು!

ಓಬಳೇಶ ಕನ್ನಡಕ ಏರಿಸಿ ಬಗ್ಗಿ ನೋಡಿದ. “ಚರ್ಮದ ಮ್ಯಾಲೂ ಕೆಲ್ಸ ಮಾಡ್ತೈತೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೋ!” ಅವನ ಮುಖ ಹೆಮ್ಮೆಯಿಂದ ಅರಳಿತ್ತು.

ತಿಪ್ಪಮ್ಮನ ಬೆನ್ನಿಗೇ ಬಂದಿದ್ದ ಪಾಲಾಕ್ಷಪ್ಪನ ಹೆಂಡತಿ ದಾಕ್ಷಾಯಿಣಿ ಆ ಕೈಯನ್ನೂ ನೋಡಿದಳು, ಕಾರ್ಡನ್ನೂ ಓದಿದಳು.

“ಸನ್ಮಾನ ದಂಪತಿ ಸಮೇತ ಅಂತೈತಲ್ಲ, ನಾನ್ ಬರಲ್ಲ. ಹೆಸ್ರು ಯಾರ ಕೈ ಮ್ಯಾಲೈತೋ ಅವ್ರನ್ನೇ ಪಕ್ಕದಾಗೆ ಕೂರಿಸ್ಕಳ್ರಿ!”