ಸ್ಯಾಟರ್ನ್ ತೋರಿಸುವ ಕಷ್ಟ

ಕುವೈತಿನಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡವನಿಗೆ ಮೋಡಗಳಿಗಿಂತ ಮನುಷ್ಯರ ಕಾಟವೇ ಹೆಚ್ಚು. ಚಳಿಗಾಲದ ಗುರುವಾರಗಳಂದು ನಾನು ಇಲ್ಲಿನ ಕನ್ನಡಿಗರನ್ನು ಊರ ಬೆಳಕು ದಾಟಿಸಿ ಮರುಭೂಮಿಗೆ ಕರೆದೊಯ್ಯುತ್ತೇನೆ. ಸ್ಯಾಟರ್ನ್ ಗ್ರಹದ ಬಳೆಯನ್ನು ಒಬ್ಬರಾದರೂ ಕಣ್ಣಾರೆ ನೋಡಬೇಕು. ನನ್ನ ಆಸೆ ಅದೊಂದೇ. ಈ ಸಲ ಮೂರು ವಾರ ಹೋದೆವು.

ಮೊದಲ ವಾರ: ಬೆಳಕು

ಮಹಬೂಲಾದ ಎಂಜಿನಿಯರ್ ಒಬ್ಬರು, ಧಾರವಾಡ ಕಡೆಯವರು, ಜನರೇಟರ್ ತಂದು ಟೆಂಟಿನ ಸುತ್ತ ಹನ್ನೆರಡು ಬಲ್ಬು ಹಾಕಿಸಿದರು.

"ಸಾರ್, ಕತ್ತಲೆ ಇದ್ದರೆ ಮಾತ್ರ ನಕ್ಷತ್ರ ಕಾಣುತ್ತೆ."

"ಹೆಣ್ಮಕ್ಕಳು, ಹುಡುಗ್ರು ಅದಾರ್ರೀ. ಚೇಳು ಇರ್ತಾವ."

ನಾನು ಬೇಡಿಕೊಂಡೆ. ಅವರಿಗೆ ಕನಿಕರ ಹುಟ್ಟಿತು.

"ಆತು ಬಿಡ್ರಿ. ನಿಮಗ ಕತ್ತಲಿ ಎಷ್ಟ ಬೇಕು ಹೇಳ್ರಿ, ಒಂದ್ ಬಲ್ಬ್ ಆರಸ್ತೀನಿ."

ಎರಡನೆಯ ವಾರ: ಊಟ

ಜನರೇಟರ್ ನಿಷೇಧಿಸಿದೆ. ಫಹಾಹೀಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಂಗಳೂರು ಕಡೆಯವರೊಬ್ಬರು ಬಿರಿಯಾನಿ ಪಾತ್ರೆಯೊಂದಿಗೆ ಬಂದರು.

"ಮೊದಲು ನೋಡಿಬಿಡಿ, ಗ್ರಹ ಮುಳುಗುತ್ತೆ," ಅಂದೆ.

"ಅದು ನಾಳೆಯೂ ಬರ್ತದೆ ಮಾರಾಯ್ರೆ. ಬಿರಿಯಾನಿ ಈಗ ಆರ್ತದೆ."

ಎಲ್ಲರೂ ಉಂಡರು. ಎರಡನೇ ಸಲವೂ ಬಡಿಸಿಕೊಂಡರು. ಗ್ರಹ ಮುಳುಗಿತು. ಆಮೇಲೆ ಅಂಗಡಿಯವರು ಕೈ ಒರೆಸಿಕೊಂಡು ಬಂದು ಟೆಲಿಸ್ಕೋಪಿಗೆ ಕಣ್ಣಿಟ್ಟು, ಮರುಕದಿಂದ ನನ್ನ ಬೆನ್ನು ತಟ್ಟಿದರು.

"ನಿಮ್ಮ ಮಿಷನ್ ಹಾಳಾಗಿದೆ. ಅಬ್ಬಾಸಿಯಾದಲ್ಲಿ ನನ್ನ ಪರಿಚಯದ ಮೊಬೈಲ್ ರಿಪೇರಿಯವ ಉಂಟು. ನನ್ನ ಹೆಸರು ಹೇಳಿ."

ಮೂರನೆಯ ವಾರ: ಸಾಲು

ದೀಪವಿಲ್ಲ, ಬಿರಿಯಾನಿಯ ಮುಚ್ಚಳ ತೆಗೆದಿಲ್ಲ, ಆಕಾಶ ಶುಭ್ರ. ಟೆಲಿಸ್ಕೋಪಿನ ಮುಂದೆ ಶಿಸ್ತಾದ ಸಾಲು. ಎಂಜಿನಿಯರ್ ಸಾಹೇಬರ ತಾಯಿ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದರು; ಅವರು "ಸ್ಯಾಟರ್ನ್ ಅಂದ್ರ ಏನಪಾ?" ಎಂದು ಕೇಳಿದರು.

"ನಮ್ಮ ಶನಿ, ಅಮ್ಮ."

ಸಾಲು ಕರಗಿತು. ಎಂಜಿನಿಯರ್ ಎಲ್ಲರಿಗಿಂತ ಮೊದಲು ಸಾಲು ಬಿಟ್ಟರು.

"ಅಂವ ನಮ್ಮನ್ನ ನೋಡೂದ ಸಾಕಾಗೇತ್ರೀ. ನಾವ ಬ್ಯಾರೆ ಹೋಗಿ ಅವನ್ನ ನೋಡೂದೇನ?"

ಬಿರಿಯಾನಿಯ ಮುಚ್ಚಳ ತೆಗೆದ ಸದ್ದಾಯಿತು. ನಾನು ಟೆಲಿಸ್ಕೋಪ್ ಮಡಚಲು ಕೈಹಾಕಿದೆ. ತಾಯಿ ಮಾತ್ರ ನಿಂತಲ್ಲೇ ನಿಂತಿದ್ದರು.

"ತಡಿಯಪಾ. ನನಗ ಸಾಡೇಸಾತಿ ಹಿಡದು ಏಳ ವರ್ಷ ಆತು. ಇನ್ನೇನ ಮಾಡ್ತಾನ? ತೋರಸು."

ಸೆರಗು ಸರಿಮಾಡಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು.

"ಬಳೆ ಕಂಡಿತಾ, ಅಮ್ಮ?"

"ಕಂಡ್ತು." ತಲೆಯೆತ್ತಿದರು. ಮುಖದಲ್ಲಿ ಭಕ್ತಿ ಇರಲಿಲ್ಲ. "ಇಷ್ಟ ಅದಾನೇನ ಇಂವ? ಈ ಸಾಸಿವಿಕಾಳಿಗೇನ ನಾ ಏಳ ವರ್ಷ, ಶನಿವಾರಕ್ಕೊಮ್ಮೆ, ಅಷ್ಟ ಎಣ್ಣಿ ಸುರದದ್ದು?"