ಕಲ್ಲಿನ ತಲೆಗೆ ಶೇಂಗಾ ಹೋಳಿಗೆ

ತೀರಿಕೊಂಡ ಗಂಡನನ್ನು ಸಿಡ್ನಿಯಲ್ಲಿ ಹುಡುಕುವುದು ಜನ ತಿಳಿದಷ್ಟು ಕಷ್ಟವಲ್ಲ. ನನಗೆ ಮೊದಲ ಸಲ ಹೋದಾಗಲೇ ಸಿಕ್ಕರು!

ನಾನು ಓದಿದ್ದು ಹುಬ್ಬಳ್ಳಿಯ ಕನ್ನಡ ಸಾಲೆಯಲ್ಲಿ, ಮೂರನೇ ಇಯತ್ತೆಯವರೆಗೆ. ಇಂಗ್ಲಿಷ್ ಅಕ್ಷರ ನನಗೆ ಇರುವೆ ಸಾಲು. ಆದರೆ ಕಟ್ಟಿಕೊಂಡ ಗಂಡನ ಗುರುತು ಹಿಡಿಯಲು ಇಂಗ್ಲಿಷ್ ಯಾಕೆ ಬೇಕು?

ಮಗ ಬಸವರಾಜ ಸಿಡ್ನಿಯ ಟೂಂಗಾಬಿಯಲ್ಲಿ ಮನೆ ಮಾಡಿ ನನ್ನನ್ನು ಕರೆಸಿಕೊಂಡಿದ್ದ. ಮೊಮ್ಮಗಳು ಪೂರ್ವಿಗೆ ಆಗ ಆರು ವರ್ಷ. ಹಲ್ಲು ಬಿದ್ದ ಬಾಯಲ್ಲಿ ಅವಳು "ಅಜ್ಜೀ" ಅಂದರೆ ಸಾಕು, ನನ್ನ ಮಂಡಿನೋವು ವಿಮಾನ ಹತ್ತಿ ವಾಪಸ್ ಹುಬ್ಬಳ್ಳಿಗೆ ಹೋಗಿಬಿಡುತ್ತಿತ್ತು! ಅಂಥ ಕೂಸು ಒಂದು ದಿನ ಸಪ್ಪೆ ಮುಖ ಹೊತ್ತು ಶಾಲೆಯಿಂದ ಬಂತು. ಕ್ಲಾಸಿನ ಗೋಡೆಗೆ ಎಲ್ಲ ಮಕ್ಕಳೂ ತಮ್ಮ ಮನೆಯವರ ಚಿತ್ರ ಅಂಟಿಸಿದ್ದಾರಂತೆ. ಇವಳ ಹಾಳೆಯಲ್ಲಿ ಅಜ್ಜನ ಜಾಗ ಮಾತ್ರ ಖಾಲಿ.

"ಅಜ್ಜಿ, ಅಜ್ಜ ಹೌ ಲುಕ್ ಮಾಡ್ತಿದ್ರು?" ಎಂದಳು.

ಏನು ತೋರಿಸಲಿ? ನಮ್ಮ ಮನೆಯವರದು ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಭಜಿ ಅಂಗಡಿ. ಹೊಗೆಗೆ, ಬಿಸಿಲಿಗೆ, ಮಳೆಗೆ, ನನ್ನ ಮಾತಿಗೆ, ಎಲ್ಲಕ್ಕೂ ಕಿವಿ ಮುಚ್ಚುವಂತೆ ತಲೆಗೊಂದು ಕೆಂಪು ಟವೆಲ್ ಸುತ್ತಿರುತ್ತಿದ್ದರು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಮಗನ ಮದುವೆಯಲ್ಲೂ ಕ್ಯಾಮೆರಾದವನು "ರೆಡಿ" ಅನ್ನುತ್ತಲೇ ಬಗ್ಗಿ ಕಾಲು ಕೆರೆದುಕೊಂಡರು. ಆ ಫೋಟೋದಲ್ಲಿ ಟವೆಲ್ ಬಹಳ ಚೆನ್ನಾಗಿ ಬಂದಿದೆ. ಅಷ್ಟೆಲ್ಲ ಆಯುಷ್ಯ ಉಳಿಸಿಕೊಂಡವರು, ಮೊಮ್ಮಗಳು ಹುಟ್ಟುವ ಮೊದಲೇ ಹೊರಟು ಹೋದರು.

ಆ ಭಾನುವಾರ ಮಗ ನಮ್ಮಿಬ್ಬರನ್ನೂ ಮ್ಯೂಸಿಯಂಗೆ ಕರೆದೊಯ್ದ. ಗ್ರೀಸ್, ರೋಮ್ ಕಡೆಯ ಪುರಾತನ ಮೂರ್ತಿಗಳು. ಕೈ ಇದ್ದವರಿಗೆ ತಲೆ ಇಲ್ಲ, ತಲೆ ಇದ್ದವರಿಗೆ ಬಟ್ಟೆ ಇಲ್ಲ! ನಾನು ನೆಲ ನೋಡುತ್ತಲೇ ನಡೆದೆ. ಮೂಲೆಗೆ ಬಂದು ತಲೆ ಎತ್ತಿದೆ.

ಇವರು!

ಬರೀ ತಲೆ. ಕಿವಿ ಮುಚ್ಚುವಂತೆ ಸುತ್ತಿದ ಬಟ್ಟೆ. ಒಳಗೆ ಹೋದ ಗಲ್ಲ, ಹಣೆಯಲ್ಲಿ ಸುಕ್ಕು, ಗಿರಾಕಿಯನ್ನು ಕರೆಯುವಂತೆ ಅರ್ಧ ತೆರೆದ ಬಾಯಿ. ಮೂಗು ಮಾತ್ರ ಇರಲಿಲ್ಲ. ಇರಲಿ, ವಯಸ್ಸಾದ ಮೇಲೆ ಏನೇನೋ ಹೋಗುತ್ತದೆ.

ಮಗ ಕಾಫಿ ತರಲು ಹೋಗಿದ್ದ. ನಾನು ತಲೆ ಮೇಲೆ ಸೆರಗು ಹೊದ್ದು ಎಲ್ಲ ವರದಿ ಒಪ್ಪಿಸಿದೆ. ಮಗ ಮನೆ ಕೊಂಡಿದ್ದು, ಮಂಡಿನೋವು, ಸೊಸೆ ಪಲ್ಯಕ್ಕೆ ಉಪ್ಪು ಕಡಿಮೆ ಹಾಕುವುದು. ಎಂದಿನಂತೆ ಇವರು ಒಂದು ಮಾತೂ ಆಡಲಿಲ್ಲ. ಆಗಲೇ ನನಗೆ ಖಾತ್ರಿಯಾದದ್ದು!

"ಪೂರ್ವೀ, ಓಡಿ ಬಾ! ನೋಡಿಲ್ಲೆ, ನಿಮ್ಮಜ್ಜ!"

ಅಜ್ಜನ ಹಾಗೆ ಇದ್ದಾನೆ ಅನ್ನಬೇಕಿತ್ತು. ಸಂತೋಷದ ಭರದಲ್ಲಿ "ಹಾಗೆ" ಬಿಟ್ಟುಹೋಯಿತು. ಕೂಸು ಅಲ್ಲೇ ನೆಲದ ಮೇಲೆ ಕುಳಿತು ಚಿತ್ರ ಬರೆಯಿತು. ಮರುದಿನ ಅದು ಕ್ಲಾಸಿನ ಗೋಡೆ ಏರಿತು.

ನಾನು ಫೋನ್ ಕಾರ್ಡ್ ಕೆರೆದು ಹುಬ್ಬಳ್ಳಿಯ ತಂಗಿಗೆ ಫೋನ್ ಹಚ್ಚಿದೆ. "ಶಾಂತಾ, ಇವರು ಸಿಕ್ಕಾರ!"

"ಯಾರಕ್ಕಾ?"

"ನಿಮ್ಮ ಭಾವ! ಇಲ್ಲೇ ಸಿಡ್ನ್ಯಾಗ..."

ಕಾರ್ಡಿನ ದುಡ್ಡು ಮುಗಿಯಿತು. ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಇಡೀ ಓಣಿಗೆ ಸುದ್ದಿಯಾಗಲು ಅಷ್ಟೇ ಸಾಕಾಯಿತು.

ವಾರದೊಳಗೆ ಪೂರ್ವಿಯ ಟೀಚರ್ ಮಗನನ್ನು ಕರೆಸಿದರು. ಬಹಳ ಮೆತ್ತಗಿನ ದನಿಯಲ್ಲಿ, "ಅಜ್ಜನಿಗೆ ಏನಾದರೂ ಅಪಘಾತವಾಗಿತ್ತೇ? ಕತ್ತಿನ ಕೆಳಗೆ ಏನೂ ಇಲ್ಲ, ಮೂಗೂ ಇಲ್ಲ" ಎಂದರಂತೆ.

ಮಗ ಮನೆಗೆ ಬಂದವನೇ, "ಅವ್ವಾ, ಅದು ಕಲ್ಲು!" ಎಂದ.

"ನಿಮ್ಮಪ್ಪನೂ ಕಲ್ಲಿನಂಗ ಇದ್ರು. ನಾ ಸಂಸಾರ ಮಾಡ್ಲಿಲ್ಲೇನು?"

ಇಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಮುಂದಿನ ತಿಂಗಳು ಇವರ ಪುಣ್ಯತಿಥಿ ಬಂತು. ಫೋಟೋದ ಟವೆಲ್ಲಿಗೆ ಎಷ್ಟು ವರ್ಷ ಎಡೆ ಇಡುವುದು? ಮುಖವೇ ಸಿಕ್ಕಿರುವಾಗ! ಮೂರ್ತಿ ನೋಡುವ ಆಸೆ ಎಂದು ಮಗನಿಗೆ ಹೇಳಿ, ಇವರ ಪ್ರಾಣವಾದ ಶೇಂಗಾ ಹೋಳಿಗೆಯನ್ನು ಸೀರೆಯ ನಿರಿಗೆಯಲ್ಲಿ ಬಚ್ಚಿಟ್ಟುಕೊಂಡು ಮಗ, ಮೊಮ್ಮಗಳ ಜೊತೆ ಹೊರಟೆ.

ಮಗ ಅತ್ತ ತಿರುಗುತ್ತಲೇ ಹಗ್ಗದಾಚೆ ಬಗ್ಗಿ ಹೋಳಿಗೆ ಚಾಚಿದೆ. ಕುಂಯ್ಯೋ ಎಂದು ಅಲಾರಂ ಹೊಡೆದುಕೊಂಡಿತು! ಬೆಚ್ಚಿ ಕೈ ಬಿಟ್ಟೆ. ಹೋಳಿಗೆ ಚಕ್ರದ ಹಾಗೆ ಉರುಳುತ್ತ ಹೋಗಿ ಬಟ್ಟೆಯಿಲ್ಲದ ಒಬ್ಬ ಮಹನೀಯರ ಪಾದಕ್ಕೆ ಶರಣಾಯಿತು. ಬಿಳಿ ಮೀಸೆಯ ಕಾವಲುಗಾರ ಓಡಿ ಬಂದ.

"ಅಜ್ಜಿ, ಅಂಕಲ್ ನೋ ಫುಡ್ ಅಂತಿದಾರೆ" ಎಂದಳು ಪೂರ್ವಿ.

"ಇವತ್ತ ಅಜ್ಜನ ದಿನ ಅದ, ಅವರಿಗೆ ಎಡಿ ತಂದೀನಿ ಅಂತ ಹೇಳವ್ವಾ."

ಹೇಳಿದಳು. ಆತನ ಮೀಸೆ ಇಳಿಯಿತು. ಆತ ಗ್ರೀಸ್‌ನಿಂದ ಬಂದು ಇಲ್ಲಿ ನೆಲೆಸಿದವನಂತೆ. ಅವರಲ್ಲೂ ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ ಹಾಕಿ ಹಂಚುತ್ತಾರಂತೆ. ನನಗೆ ಕಣ್ಣು ತುಂಬಿ ಬಂತು. ಆತ ನೆಲದ ಹೋಳಿಗೆ ಎತ್ತಿಕೊಟ್ಟು, ಕೆಮ್ಮಿ, ಕಲ್ಲಿನ ಕೆಳಗಿದ್ದ ಚೀಟಿಯ ಕಡೆ ಬೆರಳು ತೋರಿಸಿದ. ಪೂರ್ವಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಬಾಯಿ ತೆರೆದು ನನ್ನನ್ನು ನೋಡಿದಳು.

"ಅಜ್ಜಿ! ಇದು ಲೇಡಿ! ಓಲ್ಡ್ ಲೇಡಿ!"

ಅಷ್ಟರಲ್ಲಿ ಮಗನೂ ಬಂದ. ಆ ತಲೆಯನ್ನೊಮ್ಮೆ, ಸೆರಗು ಹೊದ್ದು ಬಾಯಿ ತೆರೆದು ನಿಂತ ನನ್ನನ್ನೊಮ್ಮೆ ನೋಡಿದ. ತುಟಿ ಕಚ್ಚಿಕೊಂಡ. ತಡೆಯಲಾಗಲಿಲ್ಲ.

"ಅವ್ವಾ, ಇದು ಅಪ್ಪ ಅಲ್ಲ. ನೀನ!"

ಮೂರ್ತಿಗಳನ್ನು ಬಿಟ್ಟು ಎಲ್ಲರೂ ನಕ್ಕರು. ಮನೆಗೆ ಮರಳುವಾಗ ರೈಲಿನ ಕಿಟಕಿಯ ಗಾಜಿನಲ್ಲಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿಕೊಂಡೆ. ಹಣೆಯ ಸುಕ್ಕು ಇವರದೇ. ಗಲ್ಲವೂ ಇವರದೇ. ಅಷ್ಟು ವರ್ಷ ಎದುರುಬದುರು ಕುಳಿತು ಉಂಡರೆ ಇನ್ನೇನಾಗುತ್ತದೆ?

ರೈಲಿನಲ್ಲಿ ಪೂರ್ವಿ ಮಡಿಲಿಗೆ ಒರಗಿ, "ದೆನ್ ಅಜ್ಜ ಹೇಗಿದ್ರು?" ಎಂದಳು. ನಾನು ಹೇಳುತ್ತ ಹೋದೆ. ಬಾಣಲೆಯ ಮುಂದೆ ಒಂಟಿಗಾಲಲ್ಲಿ ನಿಲ್ಲುತ್ತಿದ್ದುದು, ಮಕ್ಕಳು ಬಂದರೆ ಒಂದು ಭಜಿ ಹೆಚ್ಚಿಗೆ ಹಾಕುತ್ತಿದ್ದುದು, ಸಿಟ್ಟು ಬಂದರೆ ಟವೆಲ್ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತುತ್ತಿದ್ದುದು. ಟೂಂಗಾಬಿ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿ ಇಳಿದೆವು.

ಈಗ ಕ್ಲಾಸಿನ ಗೋಡೆಯ ಮೇಲೆ ಅಜ್ಜನ ಜಾಗ ತುಂಬಿದೆ. ಒಂದು ಬಾಣಲೆ, ಬಹಳಷ್ಟು ಹೊಗೆ, ಹೊಗೆಯ ಮೇಲೊಂದು ಕೆಂಪು ಟವೆಲ್. ಮುಖ ಕಾಣುವುದೇ ಇಲ್ಲ. ಥೇಟ್ ಇವರೇ!

ಪಕ್ಕದಲ್ಲಿ ಆ ಹಳೆಯ ಚಿತ್ರವೂ ಇದೆ. ಪೂರ್ವಿ ಅದಕ್ಕೊಂದು ಮೂಗು ಬರೆದು, ಮೂಗುತಿ ಹಾಕಿ, ಕೆಳಗೆ "ನನ್ನ ಅಜ್ಜಿ" ಎಂದು ತಿದ್ದಿದ್ದಾಳೆ. ಟೀಚರ್ ನೋಡಿ, ಹೋಲಿಕೆ ಅದ್ಭುತವಾಗಿದೆ ಎಂದರಂತೆ.

ಎರಡು ಸಾವಿರ ವರ್ಷದ ಕಲ್ಲು ಅದು!